ಹಕ್ಕಿ ಹಕ್ಕಿ ತಿಂದ ದಿನ

ನನ್ನದು ಸುಮ್ಮನಿರುವ ಬಾಯಲ್ಲ. ಅದರಿಂದ ಕೆಟ್ಟಿದ್ದೂ ಉಂಟು, ಒಳ್ಳೆಯದಾಗಿದ್ದೂ ಉಂಟು. ಹೊಳೆನರಸೀಪುರದ ಒಂದು ಅಕ್ಕಿ ಗಿರಣಿಯಲ್ಲಿ ನಾನು ಶಿಶುವಿಹಾರ ನಡೆಸಿದ್ದೂ ಈ ಬಾಯಿಯ ದೆಸೆಯಿಂದಲೇ. ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಸ್ವಲ್ಪ ಮುಂಚಿನ ಮಾತು. ನನಗಿನ್ನೂ ಇಪ್ಪತ್ತು ತುಂಬಿರಲಿಲ್ಲ. ಮೈಸೂರಿನಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದುಕೊಂಡು ಎಳೆಮಕ್ಕಳಿಗೆ ಕಲಿಸುವ ತರಬೇತಿ ಮುಗಿಸಿ ಊರಿಗೆ ಬಂದಿದ್ದೆ. ಬಂದು ನೋಡಿದರೆ, ಕಲಿಸುವುದಕ್ಕೆ ಜಾಗವೂ ಇಲ್ಲ, ಕಲಿಯುವುದಕ್ಕೆ ಮಕ್ಕಳೂ ಇಲ್ಲ. ದೊಡ್ಡ ಮನೆಯವರು ತಮ್ಮ ಮಕ್ಕಳನ್ನು ಮನೆಯಲ್ಲೇ ಮುದ್ದು ಮಾಡಿಕೊಂಡಿದ್ದರು. ಬಡವರ ಮಕ್ಕಳು ಎಲ್ಲಿರುತ್ತವೆ ಅಂತ ನನಗೆ ಗೊತ್ತಿರಲಿಲ್ಲ. ಅಮ್ಮ ನನ್ನನ್ನು ಹಪ್ಪಳ ಒತ್ತಲು ಕೂರಿಸಿಕೊಂಡಳು.

ಒಂದು ದಿನ ಹಸುವಿಗೆ ತೌಡು ತರಲು ಅರಕಲಗೂಡು ರಸ್ತೆಯಲ್ಲಿದ್ದ ಗಿರಣಿಗೆ ಹೋದೆ. ಮಕ್ಕಳೆಲ್ಲ ಅಲ್ಲಿದ್ದವು.

ಅದು ಕುಸುಬಲಕ್ಕಿ ಮಾಡುವ ಗಿರಣಿ. ಅರಕಲಗೂಡು, ಮಲ್ಲಿಪಟ್ಟಣದ ಕಡೆಯಿಂದ ಗಾಡಿಗಟ್ಟಲೆ ಭತ್ತ ಬರುತ್ತಿತ್ತು. ಅದನ್ನು ದೊಡ್ಡ ದೊಡ್ಡ ಹಂಡೆಗಳಲ್ಲಿ ಕುದಿಸಿ, ಕಣದಲ್ಲಿ ಹರವಿ, ಹೆಂಗಸರು ಕಾಲಿನಲ್ಲೇ ಸಾಲು ಎಳೆದು ಒಣಗಿಸುತ್ತಿದ್ದರು. ಅವರ ಮಕ್ಕಳಿಗೂ ಕೆಲಸವಿತ್ತು. ಸ್ವಲ್ಪ ಓಡಾಡುವ ಮಕ್ಕಳು ಕಣದ ಅಂಚಿನಲ್ಲಿ ನಿಂತು ಗುಬ್ಬಿ, ಪಾರಿವಾಳ ಓಡಿಸಬೇಕು. ಇನ್ನೂ ಚಿಕ್ಕವು ಬೆಚ್ಚಗಿರುತ್ತದೆಂದು ಹಂಡೆಗಳ ಒಲೆಯ ಪಕ್ಕ ಕೂತಿರುತ್ತಿದ್ದವು. ಐದು ವರ್ಷವೂ ಆಗಿರದ ಒಬ್ಬ ಹುಡುಗಿಯ ಮೊಣಕಾಲಿನಿಂದ ಪಾದದವರೆಗೆ ಚರ್ಮ ಸುಕ್ಕುಗಟ್ಟಿ ಹೊಳೆಯುತ್ತಿತ್ತು. ಹಂಡೆಯ ಹತ್ತಿರವೇ ಸೌದೆ ಒಟ್ಟುತ್ತಿದ್ದ ಅವಳ ತಾಯಿಯನ್ನು ಏನಾಯಿತೆಂದು ಕೇಳಿದೆ.

"ಅಂಡೆ ತಾವ ಕೂತಿತ್ತು ಕಣವ್ವಾ, ಉಕ್ಬುಡ್ತು" ಎಂದಳು. ಯಾರದೋ ಮಗುವಿನ ವಿಷಯ ಹೇಳಿದ ಹಾಗಿತ್ತು.

ನನಗೆ ಮೈಯೆಲ್ಲ ಉರಿಯಿತು. ತೌಡಿನ ಕುಕ್ಕೆಯನ್ನು ಅಲ್ಲೇ ಕುಕ್ಕಿ, ನೇರ ಯಜಮಾನರ ಗದ್ದಿಗೆಯ ಮುಂದೆ ಹೋಗಿ ನಿಂತೆ. ಅವರು ಚನ್ನರಾಯಪಟ್ಟಣದ ಕಡೆಯ ವರ್ತಕ ಮನೆತನದವರು. ಹಣೆ ತುಂಬ ವಿಭೂತಿ, ಬಾಯಿ ತುಂಬ ಎಲೆ ಅಡಿಕೆ, ಮಾತು ಬಲು ನಿಧಾನ. ನಾನು ಅಂದದ್ದನ್ನೆಲ್ಲ ಪೂರ್ತಿ ಕೇಳಿಸಿಕೊಂಡರು. ನಡುವೆ ಒಂದು ಸಲ ಎದ್ದು ಹೋಗಿ ಉಗಿದು ಬಂದು ಮತ್ತೆ ಕೇಳಿಸಿಕೊಂಡರು. ಕೊನೆಗೆ, ಅಷ್ಟು ಸಂಕಟವಾದರೆ ನೀನೇ ನೋಡಿಕೋ ತಾಯಿ, ಮೂಟೆ ಶೆಡ್ಡು ಸುಗ್ಗಿಯವರೆಗೂ ಖಾಲಿ ಬಿದ್ದಿರುತ್ತದೆ, ತಗೋ ಎಂದರು. ಆಮೇಲೆ ಬೆರಳೆತ್ತಿ, "ಆದ್ರೆ ಅಕ್ಕಿ ಓಡ್ಸೋದು ನಿಲ್ಲಕೂಡ್ದು" ಎಂದು ಸೇರಿಸಿದರು.

ಅಕ್ಕಿಯನ್ನು ಯಾರಾದರೂ ಓಡಿಸುತ್ತಾರೆಯೇ ಎಂದು ನನಗೆ ಒಂದು ಗಳಿಗೆ ತಬ್ಬಿಬ್ಬಾಯಿತು. ನಮ್ಮ ಕಡೆ ಹಕಾರ ನಾಲಗೆಯ ಮೇಲೆ ನಿಲ್ಲುವುದಿಲ್ಲ. ಹೋಗು ಅನ್ನುವುದು ಓಗು, ಹಂಡೆ ಅನ್ನುವುದು ಅಂಡೆ, ಹಾಸನ ಆಸನ. ಅಕ್ಕಿಯೂ ಅಕ್ಕಿಯೇ, ಹಕ್ಕಿಯೂ ಅಕ್ಕಿಯೇ.

ಹೀಗೆ ನನ್ನ ಶಿಶುವಿಹಾರ ಶುರುವಾಯಿತು. ಎಂಥ ವಿಹಾರ ಅಂತೀರಿ! ಬೆಳಿಗ್ಗೆ ಹಂಡೆಯಿಂದ ತೋಡಿ ತಂದ ಬಿಸಿನೀರಿನಲ್ಲಿ ಮುಖ ತೊಳೆಸಿ, ತಲೆ ಬಾಚಿ, ಹೇನು ಹೆಕ್ಕುವುದರಲ್ಲೇ ಬಿಸಿಲೇರುತ್ತಿತ್ತು. ಆಮೇಲೆ ಅರ್ಧ ಮಕ್ಕಳು ಕಣದಲ್ಲಿ, ಅರ್ಧ ಮಕ್ಕಳು ಶೆಡ್ಡಿನಲ್ಲಿ. ಸರದಿಯ ಮೇಲೆ ಅದಲು ಬದಲು. ಹುಣಿಸೆಬೀಜ ಎಣಿಸುತ್ತ ಕೂತವು ಸರದಿ ಬಂದ ಕೂಡಲೇ ಎದ್ದು ಗುಬ್ಬಿಯ ಹಿಂದೆ ಓಡುತ್ತಿದ್ದವು, ಓಡಿ ಸುಸ್ತಾದವು ಬಂದು ತೌಡು ಹರವಿದ ಮೊರದಲ್ಲಿ ಬೆರಳಾಡಿಸಿ ಅಕ್ಷರ ತಿದ್ದುತ್ತಿದ್ದವು. ಮೈಸೂರಿನಲ್ಲಿ ನಮಗೆ, ಮಕ್ಕಳನ್ನು ಬಹಳ ಹೊತ್ತು ಕೂರಿಸಬೇಡಿ, ಕೈಕಾಲಿಗೆ ಕೆಲಸ ಕೊಡಿ ಎಂದು ಹೇಳಿಕೊಟ್ಟಿದ್ದರು. ಇಲ್ಲಿ ಹೇಳುವ ಅಗತ್ಯವೇ ಇರಲಿಲ್ಲ. ಮಾತೇ ಆಡದ ಒಂದು ಮಗು ಪಾರಿವಾಳಗಳಿಗೆ ಬೈಯುತ್ತ ಬೈಯುತ್ತ ಮಾತು ಕಲಿಯಿತು. ಬೈಗುಳವೆಲ್ಲ ನನ್ನವೇ ಎಂದು ಆಮೇಲೆ ಗೊತ್ತಾಯಿತು. ಸಾಯಂಕಾಲ ಮೈಯೆಲ್ಲ ತೌಡಾಗಿ ಮನೆಗೆ ಹೋದರೆ ಅಮ್ಮ ಬಾಗಿಲಲ್ಲೇ ನಿಲ್ಲಿಸಿ ಸೆರಗು ಕೊಡವಿಸುತ್ತಿದ್ದಳು. ನನಗೆ ಹಾಡಿಕೊಳ್ಳುವಷ್ಟು ಸುಖವಾಗಿತ್ತು.

ಹಂಡೆಯ ಪಕ್ಕ ಒಂದು ಮಗುವೂ ಇರದಂತಾಯಿತು. ಕಾಲು ಸುಟ್ಟುಕೊಂಡಿದ್ದ ಆ ಹುಡುಗಿ ದಿನವೂ ಎಲ್ಲರಿಗಿಂತ ಮುಂಚೆ ಬಂದು ಶೆಡ್ಡಿನ ಬಾಗಿಲಲ್ಲಿ ಕೂತಿರುತ್ತಿದ್ದಳು.

ಅಲ್ಲಿಗೇ ಸುಮ್ಮನಿರಬಹುದಿತ್ತು. ಆದರೆ ನನಗೆ ಹಕಾರದ ಹುಚ್ಚು ಹಿಡಿಯಿತು. ಈ ಮಕ್ಕಳು ನಾಳೆ ದೊಡ್ಡ ಶಾಲೆಗೆ ಹೋಗಿ ಅಸು, ಅಣ್ಣು, ಅಲ್ಲು ಎಂದರೆ ಉಳಿದವರು ನಗುವುದಿಲ್ಲವೇ? ಅದಕ್ಕೊಂದು ಉಪಾಯ ಮಾಡಿದೆ. ಅಂಗೈಯನ್ನು ಬಾಯಿಯ ಮುಂದೆ ಹಿಡಿ, ಬಿಸಿ ಮುದ್ದೆ ಆರಿಸುವ ಹಾಗೆ ಗಾಳಿ ಬಿಟ್ಟುಕೊಂಡು ಹೇಳು. ಅಂಗೈಗೆ ಬಿಸಿ ತಾಗಿದರೆ ಅದು ಹ, ತಾಗದಿದ್ದರೆ ಅ. ಮಕ್ಕಳಿಗೆ ಇದಕ್ಕಿಂತ ಮಜವಾದ ಆಟ ಸಿಕ್ಕಿರಲಿಲ್ಲ. ಇಡೀ ದಿನ ಅಂಗೈಗೆ ಊದಿದ್ದೇ ಊದಿದ್ದು. ಒಂದು ವಾರದಲ್ಲಿ ಶೆಡ್ಡಿನ ತುಂಬ ಹಸು, ಹಣ್ಣು, ಹಲ್ಲು. ನಾನು ಗರ್ವದಿಂದ ಬೀಗಿದೆ.

ಬೀಗಿದ್ದು ಜಾಸ್ತಿ ದಿನ ಉಳಿಯಲಿಲ್ಲ. ಒಂದು ಬೆಳಿಗ್ಗೆ ಆ ಹುಡುಗಿಯ ತಾಯಿ ಮಗಳ ಕೈ ಹಿಡಿದು ಬಂದಳು. ಮುಖ ಬಾಡಿತ್ತು.

"ನನ್ನ ಹಮ್ಮ ಅಂತ ಕರೀತದೆ ಕಣವ್ವಾ. ಹನ್ನ ಇಕ್ಕು ಅಂತದೆ. ಉಬ್ಬಸ ಗಿಬ್ಬಸ ಏನಾರ ಬಂದ್ಬುಡ್ತಾ ಅಂತ" ಎಂದಳು.

ಬಿಸಿಗಾಳಿಯ ರುಚಿ ಹತ್ತಿದ ಮಕ್ಕಳು ಸಿಕ್ಕಿದ್ದಕ್ಕೆಲ್ಲ ಊದತೊಡಗಿದ್ದವು. ಆನೆ ಹಾನೆಯಾಗಿತ್ತು, ಅಜ್ಜಿ ಹಜ್ಜಿಯಾಗಿದ್ದಳು, ಅಪ್ಪಂದಿರೆಲ್ಲ ಹಪ್ಪಂದಿರು. ಎಲ್ಲಿ ಬೇಕೋ ಅಲ್ಲಿ ತಂದದ್ದಾಯಿತು, ಎಲ್ಲಿ ಬೇಡವೋ ಅಲ್ಲಿಂದ ತೆಗೆಯುವುದು ಹೇಗೆ? ದಿನವೂ ಹೇಳಿದೆ, ಗದರಿದೆ, ಮುದ್ದು ಮಾಡಿದೆ. ಬಹಳ ಮಕ್ಕಳು ದಾರಿಗೆ ಬಂದವು. ಆ ಹುಡುಗಿ ಮಾತ್ರ ಬರಲಿಲ್ಲ. ಅವಳಿಗೆ ಅಂಗೈ ಬೆಚ್ಚಗಾಗುವುದೇ ಇಷ್ಟ.

ಅಷ್ಟರಲ್ಲಿ ಸುಗ್ಗಿ ಬಂತು. ಯಜಮಾನರು ಶೆಡ್ಡಿನ ಬಾಗಿಲಿಗೆ ಬಂದು, ಇನ್ನು ಮೂಟೆ ಇಳಿಸಬೇಕು, ಜಾಗ ಬಿಡಿ ಎಂದರು. ನಾನು ಜಗಳಕ್ಕೆ ನಿಂತೆ. ಸಿಟ್ಟು ಬಂದರೆ ನನ್ನ ಮೈಸೂರಿನ ಭಾಷೆಯೆಲ್ಲ ಜಾರಿಹೋಗುತ್ತದೆ. ಮಕ್ಕಳು ಎಲ್ಲಿಗೆ ಓಗ್ಬೇಕು ಅಂತ ಕೂಗಿದೆನಂತೆ. ಹಿಂದೆ ಮಕ್ಕಳು ಸಾಲಾಗಿ ಅಂಗೈ ಎತ್ತಿ ತೋರಿಸಿದವು. ಯಜಮಾನರಿಗೆ ನಗು ಬಂದರೂ ಪಟ್ಟು ಬಿಡಲಿಲ್ಲ.

"ಇದು ಆಟ ಕಣವ್ವಾ, ಇಸ್ಕೂಲಲ್ಲ. ಇಸ್ಕೂಲು ಅಂತ ಆಸನದ ಸಾಹೇಬ್ರು ಒಂದು ಮಾತು ಅನ್ಲಿ, ಶೆಡ್ಡು ನಿಂದೇ. ಇಲ್ಲಾಂದ್ರೆ ಮೂಟೆಗೆ ಬುಟ್ಬುಡು" ಎಂದರು.

ಶಾಲೆಗಳನ್ನು ನೋಡುವ ಸಾಹೇಬರು ಆ ವಾರದಲ್ಲೇ ಹಾಸನದಿಂದ ನಮ್ಮೂರಿಗೆ ಬರುವವರಿದ್ದರು. ನಾನು ಹೂಂ ಎಂದುಬಿಟ್ಟೆ. ಹೆಂಗಸರೆಲ್ಲ ಕೆಲಸ ಬಿಟ್ಟು ಇದನ್ನು ಕೇಳಿಸಿಕೊಳ್ಳುತ್ತಿದ್ದರು. ಹುಡುಗಿಯ ತಾಯಿ ನನ್ನ ಹತ್ತಿರ ಬಂದು, ಸಾಹೇಬರು ಇಲ್ಲ ಅಂದರೆ ಮಕ್ಕಳು ಮತ್ತೆ ಹಂಡೆಯ ಹತ್ತಿರವೇ ಕೂರಬೇಕಾ ಎಂದು ಮೆತ್ತಗೆ ಕೇಳಿದಳು. ಉತ್ತರ ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಆ ಚಳಿಯಲ್ಲಿ ಬೆಚ್ಚಗಿರುವ ಜಾಗ ಬೇರೆ ಯಾವುದಿತ್ತು?

ಸಾಹೇಬರು ಜಟಕಾದಲ್ಲಿ ಬಂದಿಳಿದರು. ಉದ್ದನೆ ಕೋಟು, ಜರಿಪೇಟ, ಮಾತೆಲ್ಲ ಗ್ರಂಥದ ಮಾತು. ಯಜಮಾನರು ಅವರಿಗೆ ಕುರ್ಚಿ ಹಾಕಿಸಿ, ತಾವು ಒಂದು ಮೂಟೆಯ ಮೇಲೆ ಕೂತು, ಇದು ಶಾಲೆ ಹೌದೋ ಅಲ್ಲವೋ ತಾವೇ ಹೇಳಬೇಕು ಎಂದು ಕೇಳಿಕೊಂಡರು. ಪೇಟ ನೋಡಿಯೇ ಮಕ್ಕಳ ಬಾಯಿ ಕಟ್ಟಿತು. ಎಣಿಸು ಎಂದರೆ ಇಲ್ಲ, ಹಾಡು ಎಂದರೆ ಇಲ್ಲ. ಪಾರಿವಾಳಕ್ಕೆ ಬೈಯುತ್ತಿದ್ದ ಶೂರ ನನ್ನ ಸೀರೆಯೊಳಗೆ ಮುಖ ಹುದುಗಿಸಿತು. ಸಾಹೇಬರು ಚೀಲದಿಂದ ಒಂದು ಬಣ್ಣದ ಪಟ ತೆಗೆದು ಬಿಡಿಸಿ, ಇದೇನು ಎಂದು ಕೇಳಿದರು. ಗಿಡದ ಮೇಲೆ ಕೂತ ಗುಬ್ಬಿಯ ಚಿತ್ರ.

ಆ ಹುಡುಗಿ ಎದ್ದು ನಿಂತಳು. "ಹಕ್ಕಿ ಸಾ."

ಎಂಥ ಹಕಾರ! ಸಾಹೇಬರು ಕನ್ನಡಕ ಸರಿಮಾಡಿಕೊಂಡು ತಲೆದೂಗಿದರು. ನನಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಹಕ್ಕಿ ಏನನ್ನು ತಿನ್ನುತ್ತದೆ ಎಂದು ಅವರು ಕೇಳಿದರು.

"ಹಕ್ಕಿ ಸಾ."

ಸಾಹೇಬರ ಹುಬ್ಬು ಮೇಲೇರಿತು. ಹಕ್ಕಿಯು ಹಕ್ಕಿಯನ್ನೇ ತಿನ್ನುತ್ತದೆಯೇ ಎಂದು ಬಿಡಿಸಿ ಕೇಳಿದರು. ಹುಡುಗಿ ಹೂಂ ಎಂದಳು. ದಿನವೂ ತಿನ್ನುತ್ತದೆ, ನಾವು ಓಡಿಸುತ್ತೇವೆ, ಮತ್ತೆ ಬಂದು ತಿನ್ನುತ್ತದೆ ಎಂದಳು. ಸಾಹೇಬರು ಅಳುಕುತ್ತ, ನೀವು ಮನೆಯಲ್ಲಿ ಏನು ತಿನ್ನುತ್ತೀರಿ ಎಂದರು.

"ಮುದ್ದೆ ಸಾ. ಹಬ್ಬ ಬಂದ್ರೆ ನಾವೂ ಹಕ್ಕೀನೇ."

ಸಾಹೇಬರು ಶುದ್ಧ ಸಸ್ಯಾಹಾರಿಗಳಿರಬೇಕು. ಪಟವನ್ನು ಸುತ್ತಿಟ್ಟು, ಮಕ್ಕಳಿಗೆ ವಸ್ತುಪರಿಜ್ಞಾನವೇ ಆಗಿಲ್ಲವಲ್ಲಮ್ಮ ಎಂದು ನನ್ನ ಕಡೆ ತಿರುಗಿದರು. ನಾನು ಬಾಯಿ ತೆರೆದೆ. ಹುಟ್ಟಿದಾಗಿನಿಂದ ಸುಮ್ಮನಿರದ ಬಾಯಿ, ಆವತ್ತೇ ಕೈಕೊಟ್ಟಿತು. ಎಲ್ಲಿಂದ ಶುರು ಮಾಡಿ ಹೇಳುವುದು?

ಆಗ ಯಜಮಾನರು ತಡೆಯಲಾರದೆ ನಡುವೆ ಬಂದರು. ಶೆಡ್ಡು ಬೇಕಾಗಿದ್ದದ್ದು ಅವರಿಗೇ, ಆದರೂ ತಮ್ಮ ಗಿರಣಿಯ ಮಗುವನ್ನು ದಡ್ಡಿ ಅಂದದ್ದು ಸಹಿಸಲಾಗಲಿಲ್ಲ. "ಅಂಗಲ್ಲ ಸಾಮಿ. ಅಕ್ಕಿ ಅಕ್ಕಿ ತಿಂತದೆ ಅಂತ ಏಳ್ತಾ ಐತೆ ಮಗ" ಎಂದರು.

ಸಾಹೇಬರು ಈಗ ಪೂರ್ತಿ ದಿಕ್ಕುತಪ್ಪಿದರು. ಅಕ್ಕಿಯು ಅಕ್ಕಿಯನ್ನು ತಿನ್ನುತ್ತದೆಯೇ ಎಂದು ಕೇಳಿದರು. ಯಜಮಾನರು, ಹೌದು, ಅಕ್ಕಿ, ಆರಾಡುವ ಅಕ್ಕಿ ಎಂದು ರೆಕ್ಕೆಯ ಹಾಗೆ ಕೈ ಬಡಿದು ತೋರಿಸಿದರು.

ಹುಡುಗಿ ಸಾಹೇಬರ ಮುಂದಿನಿಂದ ಹೊರಟು ಯಜಮಾನರ ಹತ್ತಿರ ಹೋದಳು. ಮೂಟೆಯ ಮೇಲೆ ಕೂತಿದ್ದರಿಂದ ಅವರ ಮುಖ ಅವಳಿಗೆ ಎಟುಕುತ್ತಿತ್ತು. ಅಂಗೈಯನ್ನು ಅವರ ಬಾಯಿಯ ಮುಂದೆ ಹಿಡಿದಳು.

"ಬಿಸಿ ಬರ್ಲಿಲ್ಲ. ಇನ್ನೊಂದ್ ಸತಿ ಹೇಳಿ."

ಕಣದಲ್ಲಿ ಹೆಂಗಸರ ಕಾಲು ನಿಂತುಹೋಯಿತು. ತಾಯಿ ಹಂಡೆ ಬಿಟ್ಟು ಓಡಿಬಂದವಳು ಬಾಗಿಲಲ್ಲೇ ಕಂಬ ಹಿಡಿದು ನಿಂತಳು. ನನ್ನ ಕಥೆ ಮುಗಿಯಿತು, ಜೊತೆಗೆ ಈ ಹೆಂಗಸಿನ ಕೂಲಿಯೂ ಹೋಯಿತು ಅಂದುಕೊಂಡೆ. ಯಜಮಾನರು ಆ ಪುಟ್ಟ ಅಂಗೈಯನ್ನೇ ನೋಡಿದರು. ಎಲೆ ಅಡಿಕೆಯನ್ನು ದವಡೆಗೆ ಸರಿಸಿದರು.

"ಅಕ್ಕಿ" ಎಂದರು.

ಹುಡುಗಿ ಊಹೂಂ ಎಂದು ತಲೆಯಾಡಿಸಿದಳು. ಅವರು ಮತ್ತೆ ಅಂದರು, ಇವಳು ಮತ್ತೆ ತಲೆಯಾಡಿಸಿದಳು. ಬಿಸಿ ಮುದ್ದೆ ಆರಿಸಿದ ಹಾಗೆ ಅನ್ನಬೇಕೆಂದು ಹೇಳಿಕೊಟ್ಟಳು. ಯಜಮಾನರು ಎದೆ ತುಂಬ ಉಸಿರು ಎಳೆದುಕೊಂಡು, ಕೆನ್ನೆ ಉಬ್ಬಿಸಿ, ಹ್ಹಹಕ್ಕಿ ಎಂದು ಬಿಟ್ಟರು. ಹುಡುಗಿಯ ಅಂಗೈಯೆಲ್ಲ ಕೆಂಪು ತುಂತುರು. ಈಗ ಬಂತು ಎಂದು ಅವಳು ಕೈಯನ್ನು ಲಂಗಕ್ಕೆ ಒರೆಸಿಕೊಂಡಳು. ಆಮೇಲೆ ನೆಲದ ಮೇಲೆ ಚೆಲ್ಲಿದ್ದ ನಾಲ್ಕು ಕಾಳು ಅಕ್ಕಿ ಹೆಕ್ಕಿ ಅವರ ಮುಂದೆ ಹಿಡಿದು, ಇದಕ್ಕೆ ಬಿಸಿ ಬೇಡ ಎಂದು ಹೇಳಲು ಹೋದವಳು ಅಲ್ಲೇ ನಿಂತಳು. ತನ್ನ ಬಾಯಿಯ ಮುಂದೆ ಅಂಗೈ ಹಿಡಿದುಕೊಂಡಳು. "ಅಕ್ಕಿ" ಎಂದಳು. ಮತ್ತೊಂದು ಸಲ ಅಂದು ನೋಡಿದಳು. ನಾನು ಇಷ್ಟು ದಿನ ಬಡಿದುಕೊಂಡರೂ ಬರದಿದ್ದದ್ದು, ಯಜಮಾನರಿಗೆ ಪಾಠ ಹೇಳಹೋಗಿ ಅವಳಿಗೇ ಬಂದಿತ್ತು. ಮುಖವೆಲ್ಲ ಅರಳಿತು. ಸಾಹೇಬರ ಕಡೆ ತಿರುಗಿದಳು.

"ಹಕ್ಕಿ ಅಕ್ಕಿ ತಿಂತದೆ ಸಾ."

ಮೊದಲು ನಕ್ಕವರು ಸಾಹೇಬರು. ಕೋಟಿನ ಗುಂಡಿ ಹಾರಿಹೋಗುವ ಹಾಗೆ ನಕ್ಕರು. ಕಣದ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡರು. ನನ್ನ ಸೀರೆಯೊಳಗಿಂದ ಹೊರಬಂದ ಶೂರ, ಯಾಕೆಂದು ಗೊತ್ತಿಲ್ಲದೆಯೇ ಎಲ್ಲರಿಗಿಂತ ಜೋರಾಗಿ ನಕ್ಕಿತು. ಸಾಹೇಬರು ಕಣ್ಣೊರೆಸಿಕೊಂಡು ಯಜಮಾನರಿಗೆ ಹೇಳಿದರು: "ಇದು ಶಾಲೆ ಹೌದೋ ಅಲ್ಲವೋ ಎಂದು ನನ್ನನ್ನು ಕೇಳಿದಿರಿ. ಈಗ ಪಾಠ ಹೇಳಿಸಿಕೊಂಡವರು ನೀವು. ನೀವೇ ಹೇಳಿ."

ಯಜಮಾನರು ತಾವು ಕೂತಿದ್ದ ಮೂಟೆಯಿಂದ ಎದ್ದು, ಇದನ್ನೂ ಹೊತ್ತುಕೊಂಡು ಹೋಗಿ ನಮ್ಮ ಮನೆಯ ಪಡಸಾಲೆಯಲ್ಲಿ ಹಾಕಿ, ಉಳಿದ ಮೂಟೆಗಳನ್ನೂ ಅಲ್ಲೇ ಇಳಿಸಿ ಎಂದು ಹಮಾಲಿಗಳಿಗೆ ಹೇಳಿದರು. ಆ ಸುಗ್ಗಿಯಿಡೀ ಅವರ ಹೆಂಡತಿ ಮೂಟೆಗಳ ಸಂದಿಯಲ್ಲಿ ನುಸುಳಿಕೊಂಡು ಓಡಾಡುತ್ತ ನನ್ನನ್ನು ಶಪಿಸಿದರು. ಶಪಿಸಿದರೂ, ಸಂಕ್ರಾಂತಿಗೆ ಮಕ್ಕಳಿಗೆಲ್ಲ ಎಳ್ಳು ಬೆಲ್ಲ ಕಳಿಸಿದರು.

ಸಾಹೇಬರು ಬಂದುಹೋದ ಮಾರನೆಯ ಬೆಳಿಗ್ಗೆ ಕೊರೆಯುವ ಚಳಿ. ಹುಡುಗಿಯ ತಾಯಿ ಮಗಳನ್ನು ಶೆಡ್ಡಿನಲ್ಲಿ ಬಿಟ್ಟು ಹಂಡೆಯ ಕಡೆ ಹೋದಳು. ನಾನು ಬಾಗಿಲಲ್ಲಿ ನಿಂತು ನಿಂತು ನೋಡಿದೆ. ಮಧ್ಯಾಹ್ನವಾದರೂ ಅವಳು ಒಂದು ಸಲವೂ ಈ ಕಡೆ ತಿರುಗಲಿಲ್ಲ. ಪಕ್ಕದವಳ ಜೊತೆ ಏನೋ ಹೇಳಿಕೊಂಡು ನಗುತ್ತಿದ್ದಳು. ನನಗೆ ಸಿಟ್ಟು ಬಂತು. ಇಷ್ಟೆಲ್ಲ ಆಗಿ, ಮಗು ಏನು ಮಾಡುತ್ತಿದೆ ಅಂತಲಾದರೂ ನೋಡಬಾರದೇ? ಹೋಗಿ ಕೇಳಿಯೇಬಿಟ್ಟೆ.

ಅವಳು ಸೌದೆ ಮುಂದಕ್ಕೆ ತಳ್ಳಿ, ಬೆವರು ಒರೆಸಿಕೊಂಡು, ನನ್ನನ್ನೇ ವಿಚಿತ್ರವಾಗಿ ನೋಡಿದಳು.

"ನಿಮ್ ತಾವ ಐತಲ್ಲ ಕಣವ್ವಾ. ಇನ್ಯಾಕ್ ನೋಡ್ಲಿ?"

ಈ ವಯಸ್ಸಿನವರೆಗೆ ನನ್ನನ್ನು ಯಾರ್ಯಾರೋ ಹೊಗಳಿದ್ದಾರೆ. ಅಷ್ಟು ಸಂತೋಷ ಕೊಟ್ಟ ಮಾತನ್ನು ಬೇರೆ ಯಾರೂ ಆಡಲಿಲ್ಲ. ಶೆಡ್ಡಿಗೆ ವಾಪಸು ಬಂದೆ. ಮಕ್ಕಳು ಊಟಕ್ಕೆ ಕಾಯುತ್ತಿದ್ದವು.