ಕುರ್ಚಿ ಬರಲಿಲ್ಲ, ಕೂಪನ್ ಬಂತು

ಅವ್ವನ ಮೊಣಕಾಲು ಆಪರೇಷನ್ ಆಗಿತ್ತು. ಅದಕ್ಕ ವಿಮಾನದ ಟಿಕೆಟ್ ತಗೊಳ್ಳುವಾಗನ ವ್ಹೀಲ್‌ಚೇರ್ ಬೇಕು ಅಂದಿದ್ದೆ. 'ಖಂಡಿತ ಇರುತ್ತದೆ' ಅಂತ ಕಂಪನಿಯವರ ಮೆಸೇಜೂ ಬಂದಿತ್ತು. ಏರ್‌ಪೋರ್ಟಿಗೆ ಹೋದರ ಕುರ್ಚಿನ ಇಲ್ಲ. ಕೌಂಟರಿನ ಹುಡುಗಿ ಕುಂತಲ್ಲಿಂದನ "ಈಗ ಬರುತ್ತೆ ಸರ್" ಅಂತಿದ್ಲು. ನಿಂತು ನಿಂತು ಅವ್ವನ ಕಾಲು ನಡುಗಾಕ ಹತ್ತಿದ್ವು. ನಾನು ಬ್ಯಾಗ್ ಕೆಳಗಿಳಿಸಿ ಆಕೀನ್ನ ಲಗೇಜ್ ಟ್ರಾಲಿ ಮ್ಯಾಲೆ ಕುಂದ್ರಿಸಿದೆ.

ಹುಡುಗಿ ಓಡಿ ಬಂದ್ಲು. "ಸರ್, ಇದು ಲಗೇಜಿಗೆ ಮಾತ್ರ. ಜನ ಕೂರೋ ಹಾಗಿಲ್ಲ."

"ಅಲ್ಲ ತಂಗಿ, ಕುರ್ಚಿ ತರಾಕ ಏಳಲಾರದಾಕಿ ಇದಕ್ಕ ಹೆಂಗ ಓಡಿ ಬಂದಿ?" ಅಂತ ಒದರಿದೆ. ಕಡೀಕೂ ಕುರ್ಚಿ ಬರಲಿಲ್ಲ; ಅವ್ವ ಟ್ರಾಲಿಯಿಂದ ಇಳದು ನನ್ನ ಹೆಗಲು ಹಿಡಕೊಂಡು ಗೇಟಿನ ತನಕ ನಡದ್ಲು.

ದೂರು ಕೊಟ್ಟಿದ್ದಕ್ಕ ಪರಿಹಾರ ಬಂತು: ಮುಂದಿನ ಪ್ರಯಾಣಕ್ಕ ರಿಯಾಯಿತಿ ಕೂಪನ್! ಗಂಗಾವತ್ಯಾಗ ಅಕ್ಕಿ ಮಾರಾಂವ ನಾನು. ಅಕ್ಕ್ಯಾಗ ಹುಳ ಇದ್ರ ಚೀಲ ವಾಪಸ್ ತಗೊಂಡು ರೊಕ್ಕ ಕೊಡ್ತೀನಿ. 'ಇನ್ನೊಂದು ಚೀಲ ಒಯ್ರಿ, ಅದರಾಗ ಕಡಿಮಿ ಮಾಡ್ತೀನಿ' ಅಂದ್ರ ಗಿರಾಕಿ ಅಂಗಡಿ ಮುಂದನ ನಿಂತು ನನ್ನ ಮಾನ ಹರಾಜು ಹಾಕ್ತಾನ.

ಕೂಪನ್ನಿನ ಕೆಳಗ ಇನ್ನೊಂದು ಸಾಲಿತ್ತು: 'ವ್ಹೀಲ್‌ಚೇರ್ ಬೇಕಾದಲ್ಲಿ ಮೊದಲೇ ತಿಳಿಸಿ.' ಅವ್ವಗ ಓದಿ ಹೇಳಿದೆ.

"ಮುಂದಿನ ಸಲ ನನ್ನನ್ನ ಲಗೇಜ್ ಅಂತ ಬರಸಪಾ," ಅಂದ್ಲು. "ಟ್ರಾಲಿಯಾದ್ರೂ ಸಿಗತೈತಿ."