ಸಲಾಕೆ ಅಕ್ಕ ಮತ್ತು ಸುಣ್ಣ ಬಳಿದ ಚಾವಣಿ

ಸಿಪಾಯಿಗಳ ಕ್ವಾರ್ಟರ್ಸಿನಲ್ಲಿ ಸಲಾಕೆ ಅಕ್ಕ ಅಂದರೆ ಸಾಕು, ಮೂಗು ಒರೆಸಿಕೊಳ್ಳಲು ಬಾರದ ಮಕ್ಕಳೂ ಮನೆ ತೋರಿಸುತ್ತಾರೆ. ಎಡಹುಬ್ಬಿನ ಮೇಲೆ ಬೆರಳುದ್ದದ ಗಾಯದ ಗುರುತು. ಆ ಹೆಸರು, ಆ ಗುರುತು ಎರಡೂ ಒಂದೇ ದಿನ ಬಂದವು.

ಗಂಡ ಗಡಿಯಲ್ಲಿದ್ದ. ಮನೆಯಲ್ಲಿ ಅತ್ತೆ, ಎರಡು ಮಕ್ಕಳು, ಇವಳು. ತಲೆಯ ಮೇಲೆ ಸೋರಿ ಸೋರಿ ಹೊಟ್ಟೆ ಉಬ್ಬಿಸಿಕೊಂಡ ಚಾವಣಿ. ಒಂದು ಮಧ್ಯಾಹ್ನ ಅತ್ತೆ ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಿದ್ದಾಗ ಆ ಹೊಟ್ಟೆ ಒಡೆಯಿತು. ಹಲಗೆಯಂಥ ಗಾರೆ ದಬ್ಬನೆ ಮುದುಕಿಯ ಹೆಗಲ ಮೇಲೆ ಬಿತ್ತು. ಹಿತ್ತಿಲಲ್ಲಿ ಬಟ್ಟೆ ಹಿಂಡುತ್ತಿದ್ದ ಸೊಸೆ ಓಡಿ ಬಂದರೆ, ಈರುಳ್ಳಿಯ ಮೇಲೆ ರಕ್ತ, ರಕ್ತದ ಮೇಲೆ ಸಿಮೆಂಟಿನ ಪುಡಿ.

"ನನ್ನ ಬಿಡೇ, ಮಕ್ಕಳು ಮಲಗೋ ಕೋಣೆ ನೋಡು," ಅಂದಳು ಅತ್ತೆ, ಹಲ್ಲು ಕಚ್ಚಿಕೊಂಡು.

ಅಲ್ಲಿಯೂ ಚಾವಣಿ ಮಂಚದ ನೇರಕ್ಕೇ ಜೋತುಬಿದ್ದಿತ್ತು.

ಅತ್ತೆಯನ್ನು ಆಸ್ಪತ್ರೆಗೆ, ಮಕ್ಕಳನ್ನು ಪಕ್ಕದ ಮನೆಗೆ ಸೇರಿಸಿ, ರಿಪೇರಿ ನೋಡಿಕೊಳ್ಳುವ ಸೂಪರ್‌ವೈಸರನ ಮುಂದೆ ಹೋಗಿ ನಿಂತಳು.

"ಎದುರು ಮನೆ ಖಾಲಿ ಬಿದ್ದಿದೆ. ಬೀಗ ತೆಗೆದುಕೊಡಿ."

"ಅದರಲ್ಲಿ ಸಿಮೆಂಟಿನ ಮೂಟೆ ಇಟ್ಟಿದೀನಮ್ಮ."

"ಮೂಟೆ ಬೆಚ್ಚಗಿರಲಿ, ನನ್ನ ಮಕ್ಕಳು ಸಾಯಲಿ ಅಂತೀರಾ?"

"ಬಾಯಿ ಮುಚ್ಕೊಂಡಿರು. ನಾಳೆ ದೊಡ್ಡ ಸಾಹೇಬರು ತಪಾಸಣೆಗೆ ಬರ್ತಾರೆ. ಉಸಿರೆತ್ತಿದ್ರೆ ನಿನ್ನ ಗಂಡನ ಕೆಲಸ ಹೋಗುತ್ತೆ."

ಅವಳು ಅವನ ಕೊರಳಪಟ್ಟಿಗೆ ಕೈ ಹಾಕಿದಳು. ಅವನು ನೂಕಿದ ರಭಸಕ್ಕೆ ಅವಳ ಬೆನ್ನು ಗೋಡೆಗೆ ಅಪ್ಪಳಿಸಿತು. ಸಂಜೆಯೊಳಗೆ ಅವನ ಆಳುಗಳು ಬಂದು ಅಡುಗೆಮನೆಯ ತೂತಿಗೆ ತೇಪೆ ಹಾಕಿ, ಮನೆಯ ಚಾವಣಿಗೆಲ್ಲ ಬೆಳ್ಳಗೆ ಸುಣ್ಣ ಬಳಿದು ಹೋದರು.

ಮರುದಿನ ದೊಡ್ಡ ಸಾಹೇಬರು ಮಲಗುವ ಕೋಣೆಗೆ ಬಂದು ಕತ್ತೆತ್ತಿ ನೋಡಿ, "ಚೊಕ್ಕವಾಗಿದೆಯಲ್ಲ!" ಅಂದರು. ಸೂಪರ್‌ವೈಸರ್ ಮಾತ್ರ ಹೊಸ್ತಿಲು ದಾಟಲಿಲ್ಲ. ಇವಳ ಕಣ್ಣು ಅವನ ಕಾಲ ಮೇಲೇ ಇತ್ತು.

"ಸಾರ್, ಇವರು ಒಳಗೆ ಬಂದು ಈ ಮಂಚದ ಮೇಲೆ ಎರಡು ನಿಮಿಷ ಮಲಗಲಿ. ಆಮೇಲೆ ನಾನು ತುಟಿ ಬಿಚ್ಚಲ್ಲ."

"ಮಲಗಯ್ಯ, ಅದರಲ್ಲೇನಿದೆ?" ಅಂದರು ಸಾಹೇಬರು.

"ನನಗೆ... ಬೆನ್ನುನೋವು, ಸಾರ್."

"ಬೆನ್ನುನೋವಿಗೆ ಮಲಗೋದೇ ಮದ್ದು, ಬನ್ನಿ!" ಅಂದಳು ಇವಳು.

ಅವನು ಇನ್ನೂ ಒಂದು ಹೆಜ್ಜೆ ಹಿಂದೆ ಸರಿದ. ಸಾಹೇಬರ ಮುಖ ಗಂಟಾಯಿತು.

ಅವಳು ಮಂಚದಿಂದ ಸೊಳ್ಳೆಪರದೆ ಕಟ್ಟುವ ಕಬ್ಬಿಣದ ಸಲಾಕೆ ಕಿತ್ತುಕೊಂಡಳು. "ಸಾರ್, ನೀವು ಹೊರಗೆ ನಿಲ್ಲಿ!" ಅವರು ಬಾಗಿಲು ದಾಟಿದ್ದೇ ತಡ, ಬೀಸಿದಳು. ಮೊದಲ ಏಟಿಗೆ ಸುಣ್ಣ ಉದುರಿತು. ಎರಡನೆಯದಕ್ಕೆ ತುಕ್ಕು ಹಿಡಿದ ಕಂಬಿಸಮೇತ ಚಾವಣಿಯ ಅರ್ಧ ಸಿಡಿಲಿನಂತೆ ಎರಗಿತು. ಮಂಚ ನಡುಮುರಿಯಿತು. ದಿಂಬು ಹರಿದು ಹತ್ತಿ ಎದ್ದಿತು. ಚೂರೊಂದು ಅವಳ ಹುಬ್ಬು ಸೀಳಿತು. ರಕ್ತ ಕಣ್ಣಿಗಿಳಿದರೂ ಅವಳು ಬಡಿಯುವುದನ್ನು ನಿಲ್ಲಿಸಲಿಲ್ಲ.

"ಇಲ್ಲಿ ನನ್ನ ಮಗಳ ತಲೆ ಇರ್ತಿತ್ತು! ಇಲ್ಲಿ ಮಗನ ಎದೆ! ಎದುರು ಮನೆ ಕೇಳಿದ್ದಕ್ಕೆ ಗಂಡನ ಕೆಲಸ ಹೋಗುತ್ತೆ ಅಂದ್ರು, ಸಾರ್!"

ಸಾಹೇಬರು ಸೂಪರ್‌ವೈಸರನ ಕತ್ತು ಹಿಡಿದು ಆ ಕಲ್ಲುರಾಶಿಯ ಮೇಲೆ ಎಸೆದರು. "ಈಗ ಮಲಗು!" ಆಮೇಲೆ ಇವಳ ಕಡೆ ತಿರುಗಿ, "ನಿನ್ನ ಗಂಡನ ಕೆಲಸಕ್ಕೆ ನಾನಿದೀನಮ್ಮ. ಎದುರು ಮನೆ ನಿಂದು," ಅಂದರು. ಕೀಲಿ ಬರುವವರೆಗೆ ಯಾರು ಕಾಯುತ್ತಾರೆ? ಅವಳು ಅದೇ ಸಲಾಕೆಯಿಂದ ಬೀಗ ಜಜ್ಜಿದಳು, ಮೂಟೆಗಳನ್ನು ಬೀದಿಗೆ ಉರುಳಿಸಿದಳು. ಒಂದೊಂದೇ ಒಡೆದು ಬೀದಿಯೆಲ್ಲ ಬೂದಿ ಬಣ್ಣವಾಯಿತು.

ಮಕ್ಕಳು ಒಳಗೆ ನುಗ್ಗಲು ಬಂದರೆ, "ಅಲ್ಲೇ ನಿಲ್ಲಿ!" ಎಂದು ಗದರಿದಳು. ಹುಬ್ಬಿಗೆ ಸೆರಗು ಒತ್ತಿಕೊಂಡು, ಹೊಸ ಮನೆಯ ಚಾವಣಿಯನ್ನು ಮೂಲೆಯಿಂದ ಮೂಲೆಗೆ ಬಡಿಯತೊಡಗಿದಳು.

"ಅಮ್ಮಾ, ಇನ್ನೂ ಎಷ್ಟು ಹೊಡೀತೀಯ?" ಮಗಳು ಹೊರಗಿನಿಂದ ಕೂಗಿದಳು.

"ಇದು ತಿರುಗಿಸಿ ಹೊಡೆಯಲ್ಲ ಅಂತ ಗೊತ್ತಾಗೋವರೆಗೂ ಕಣೇ," ಅಂದಳು, ಸಲಾಕೆ ಇಳಿಸದೆ.