ಮೂಗು ಮುಚ್ಚಿಕೊಂಡು ಕೇಳುವ ವಾರಿಜಕ್ಕ

ಹಾಡು ಕೆಟ್ಟದಾಗಿದ್ದರೆ ಜನ ಕಿವಿ ಮುಚ್ಚಿಕೊಳ್ಳುತ್ತಾರೆ. ವಾರಿಜಕ್ಕ ಮೂಗು ಮುಚ್ಚಿಕೊಳ್ಳುತ್ತಿದ್ದರು. ಹಳಸಿದ ಸಾಂಬಾರಿನ ಮುಚ್ಚಳ ತೆಗೆದವರ ಹಾಗೆ ಸೆರಗಿನ ತುದಿಯನ್ನು ಮೂಗಿಗೆ ಒತ್ತಿ, ಸ್ಪೀಕರಿಗೆ ಬೆನ್ನು ಮಾಡಿ, "ಎಂತದು ಮಾರಾಯ ಇದು? ಬಾವಿಗೆ ಬಿದ್ದವನ ರೆಕಾರ್ಡಿಂಗಾ?" ಎನ್ನುತ್ತಿದ್ದರು. ಬಾವಿಗೆ ಬಿದ್ದವನು ನಾನು.

ಚೆನ್ನೈನ ಟಿ. ನಗರದ ಹಿಂಬೀದಿಯೊಂದರಲ್ಲಿ ಅವರ ಮನೆ. ಮೇಲೆ ಅವರು, ಕೆಳಗಿನ ಕೋಣೆಯಲ್ಲಿ ಬಾಡಿಗೆಗೆ ನಾನು. ಅವರ ಮನೆಯವರೆಲ್ಲ ಉಡುಪಿ ಕಡೆಯಿಂದ ಬಂದು ಹೋಟೆಲ್ ನಡೆಸಿದವರು. ದೋಸೆಕಲ್ಲಿಗೆ ಬೆನ್ನು ತಿರುಗಿಸಿ ರೆಕಾರ್ಡಿಂಗ್ ಥಿಯೇಟರ್ ಸೇರಿದವರು ಇವರೊಬ್ಬರೇ. ವಯಸ್ಸೆಲ್ಲ ಅಲ್ಲಿ ಜಾಹೀರಾತು, ಭಕ್ತಿಗೀತೆಗಳ ಮಿಕ್ಸಿಂಗ್ ಮಾಡಿ, ಈಗ ಅದನ್ನೇ ಮನೆಯ ಕಂಪ್ಯೂಟರಿನಲ್ಲಿ ಮಾಡುತ್ತಿದ್ದರು. ನಾನು ಮಂಡ್ಯ ಕಡೆಯವನು. ಹಗಲು ಶೋಳಿಂಗನಲ್ಲೂರಿನ ಆಫೀಸಿನಲ್ಲಿ ಮ್ಯಾನೇಜರ ಮಾತು ಕೇಳುವುದು, ಸಂಜೆ ಕೋಣೆಯಲ್ಲಿ ಅದೇ ಮ್ಯಾನೇಜರ ದನಿ ತೆಗೆಯುವುದು. ನಿನ್ನ ಸ್ವಂತ ದನಿ ಯಾವುದಪ್ಪಾ ಎಂದರೆ, ಸ್ವಲ್ಪ ಟೈಮ್ ಕೊಡಿ ಎನ್ನುವ ಜಾತಿ.

ನಮ್ಮಿಬ್ಬರಿಗೆ ಮೊದಲ ದಿನದಿಂದಲೂ ಆಗಿಬರುತ್ತಿರಲಿಲ್ಲ. ಮೆಟ್ಟಿಲ ಕೆಳಗೆ ನಿಂತು ನಾನು ಅವರ ಅಣಕ ಮಾಡುವುದು ಅವರಿಗೆ ಗೊತ್ತಿತ್ತು. "ನನ್ನ ಹಾಗೆ ಮಾತಾಡ್ತಿಯಂತೆ. ಮಾತಾಡು. ಹಾಗೇ ನನ್ನ ಹಾಗೆ ಯೋಚನೆ ಮಾಡ್ಲಿಕ್ಕೂ ಕಲಿ" ಎಂದಿದ್ದರು. ಅದನ್ನೂ ಅವರ ದನಿಯಲ್ಲೇ ನಾಲ್ಕು ಜನರ ಮುಂದೆ ಹೇಳಿ ನಗಿಸಿದೆ.

ಇಂಥವರ ಮುಂದೆ ನಾನು ಕೂರಬೇಕಾಗಿ ಬಂದದ್ದು ಒಂದು ಕಥೆಯಿಂದ. ಮಕ್ಕಳಿಗೆ ಕಥೆ ಕೇಳಿಸುವ ಆ್ಯಪ್‌ನವರು ಎಲ್ಲ ಪಾತ್ರಗಳಿಗೂ ದನಿ ಕೊಡುವ ಒಬ್ಬನನ್ನು ಹುಡುಕುತ್ತಿದ್ದರು. ಒಂದು ಮಾದರಿ ಕಳಿಸಬೇಕು, ಒಂದೇ ಸಲ. ಆಯ್ಕೆಯಾದರೆ ಆಫೀಸಿಗೆ ರಾಜೀನಾಮೆ. ಪತ್ರ ಬರೆದಿಟ್ಟು, ಮ್ಯಾನೇಜರ ದನಿಯಲ್ಲಿ ಓದಿಯೂ ನೋಡಿದ್ದೆ. ನರಿ, ರಾಜ, ಅಜ್ಜಿ, ಆನೆ ಎಂದು ಏಳು ದನಿ ರೆಕಾರ್ಡ್ ಮಾಡಿ, ಕಂಪ್ಯೂಟರಿನಲ್ಲಿ ದನಿ ತಿದ್ದುವ ಪ್ಲಗಿನ್ ಎಂಬ ಪುಟ್ಟ ಸಾಫ್ಟ್‌ವೇರನ್ನು ದನಿಗೊಂದರಂತೆ ಹಚ್ಚಿದೆ. ಆನೆಗೆ ಗಂಟಲು ದಪ್ಪ ಮಾಡುವಂಥದು, ರಾಜನಿಗೆ ಅರಮನೆಯಷ್ಟು ಗುಂಯ್‌ಗುಡುವ ರಿವರ್ಬ್. ಸದ್ದು ಕೇಳಿ ಮೇಲಿನಿಂದ ಇಳಿದು ಬಂದ ವಾರಿಜಕ್ಕನ ಸೆರಗು ಆಗಲೇ ಮೂಗಿನ ಮೇಲಿತ್ತು.

"ಸಾಂಬಾರಿಗೆ ಹಿಂಗು ಹಾಕ್ತಾರೆ ಹುಡುಗ. ಹಿಂಗಿಗೆ ಸಾಂಬಾರು ಹಾಕೂದಿಲ್ಲ."

"ಇದು ಈಗಿನ್ ಟೇಸ್ಟು ಕಣಕ್ಕ."

"ಯಾರ ಟೇಸ್ಟು? ಏಳು ದನಿ ತೆಗೀತೇನೆ ಅಂತ ಊರಿಡೀ ಹೇಳ್ತಿ. ಎಲ್ಲ ಪ್ಲಗಿನ್ನೇ ತೆಗೆದ್ರೆ ನಿನ್ನ ಬಾಯಿ ಎಂತಕ್ಕೆ, ಬಜ್ಜಿ ತಿನ್ಲಿಕ್ಕಾ? ಪೋದುಂ ಪಾ, ಸಾಕು. ನಾಳೆ ಮೇಲೆ ಬಾ. ಇಂಥ ಮಿಕ್ಸ್ ನನ್ನ ಮನೆಯಿಂದ ಹೊರಗೆ ಹೋಗ್ಲಿಕ್ಕೆ ಬಿಡೂದಿಲ್ಲ."

ಮರುದಿನ ಅವರ ದೊಡ್ಡ ಸ್ಪೀಕರುಗಳ ಮುಂದೆ ಕೂರಿಸಿದರು. "ಅಜ್ಜಿಗೆ ಕಂಪ್ರೆಸರ್ ಅಂತ ಒಂದು ಪ್ಲಗಿನ್ ಇಟ್ಟಿದ್ದೇನೆ. ದನಿ ಬೆಚ್ಚಗಾಗುವವರೆಗೆ ನೀನೇ ತಿರುಗಿಸು" ಎಂದರು. ನಾನು ಕಣ್ಣು ಮುಚ್ಚಿ, ತುಟಿ ಕಚ್ಚಿ, ದೊಡ್ಡ ಸಂಗೀತ ನಿರ್ದೇಶಕನ ಹಾಗೆ ತಲೆದೂಗುತ್ತ ಪರದೆಯ ಮೇಲಿನ ಗುಂಡಿಯನ್ನು ಕೂದಲೆಳೆಯಷ್ಟು ಅತ್ತ, ಕೂದಲೆಳೆಯಷ್ಟು ಇತ್ತ ತಿರುಗಿಸಿದೆ.

"ಈಗ ಕೇಳಿ ಅಕ್ಕ. ಅಜ್ಜಿ ಪಕ್ಕದಲ್ಲೇ ಕೂತಂಗದೆ!"

"ಹೌದಾ? ಇನ್ನೂ ಸ್ವಲ್ಪ ತಿರುಗಿಸ್ತಿಯಾ?"

"ಅಯ್ಯೋ ಬ್ಯಾಡ. ಇನ್ನೊಂಚೂರು ಜಾಸ್ತಿ ಆದ್ರೆ ಅಜ್ಜಿ ಹೋಗ್ಬುಡ್ತಾಳೆ."

ಅವರು ಪರದೆಯ ಮೂಲೆಗೆ ಬೆರಳಿಟ್ಟರು. ಪ್ಲಗಿನ್ ಮೊದಲಿನಿಂದಲೂ ಆಫ್ ಆಗಿತ್ತು. ಕಾಲು ಗಂಟೆ ನಾನು ತಿರುಗಿಸಿದ್ದು ಬರೀ ಗಾಳಿ. ವಾರಿಜಕ್ಕ ಕುರ್ಚಿಯ ಕೈ ಹಿಡಿದುಕೊಂಡು ನಕ್ಕರು. ನಕ್ಕು ಸುಮ್ಮನಾಗಿದ್ದರೆ ಸಹಿಸುತ್ತಿದ್ದೆ. ಮರುದಿನ ಬೆಳಿಗ್ಗೆ ಅವರ ಮನೆಯವರ ಹೋಟೆಲಿನಲ್ಲಿ ಸಪ್ಲೈಯರ್ ನನ್ನ ಮುಂದೆ ಖಾಲಿ ಲೋಟ ಇಟ್ಟು, "ಕಾಫಿ ಬೆಚ್ಚಗುಂಟಾ ಸಾರ್?" ಎಂದು ಕೇಳಿದ. ಅಣಕಿಸುವವನಿಗೆ ಅಣಕ ತಡೆದುಕೊಳ್ಳುವ ಶಕ್ತಿ ಇರುವುದಿಲ್ಲ ಎಂಬುದು ನನಗೆ ತಿಳಿದದ್ದು ಆ ಲೋಟದ ಮುಂದೆ.

ಆ ಸಂಜೆ ಅವರು ನನ್ನ ಪ್ಲಗಿನ್‌ಗಳನ್ನೆಲ್ಲ ಕಿತ್ತುಹಾಕಿ ದನಿಯ ಕೀಚು-ದಪ್ಪ ಹದ ಮಾಡುವ ತಮ್ಮದೊಂದು ಈಕ್ವಲೈಸರ್ ಮಾತ್ರ ಉಳಿಸಿದರು. "ದನಿ ಮಂಕಾಗಿದೆ. ಮೇಲಿನ ಸ್ವರ ಸ್ವಲ್ಪ ಎತ್ತಬೇಕು" ಎನ್ನುತ್ತ ಎತ್ತಿದರು, ಇನ್ನೂ ಎತ್ತಿದರು. ನನ್ನ ಅಜ್ಜಿಯ ಒಂದೊಂದು 'ಸ'ಕಾರವೂ ಸೂಜಿಯಾಯಿತು. ಅದರ ಹಿಂದೆ, ಕೋಣೆಯ ಟ್ಯೂಬ್‌ಲೈಟಿನದೋ ಚಾರ್ಜರಿನದೋ, ತೆಳ್ಳನೆಯ ಸಿಳ್ಳೆಯೊಂದು ಉದ್ದಕ್ಕೂ ಎದ್ದು ನಿಂತಿತು.

"ಎಂತ? ಎಂತಾದ್ರೂ ಕೇಳ್ತದಾ?" ಎಂದರು, ನನ್ನ ಮುಖವನ್ನೇ ನೋಡುತ್ತ.

ಇದು ಇನ್ನೊಂದು ಬಲೆ ಎಂದುಕೊಂಡೆ. ಸಿಳ್ಳೆ ಎಂದರೆ ನಾಳೆ ಹೋಟೆಲಿನಲ್ಲಿ ಯಾರೋ ಸಿಳ್ಳೆ ಹಾಕುತ್ತಾರೆ.

"ಏನೂ ಇಲ್ಲಕ್ಕ. ಸೂಪರಾಗದೆ."

ಕಳಿಸಿದೆವು.

ಉತ್ತರ ನಾಲ್ಕು ದಿನಕ್ಕೆ ಬಂತು. ದನಿಗಳು ಚೆನ್ನಾಗಿವೆ, ಆದರೆ ಕಿವಿಗೆ ಚುಚ್ಚುವ ಸಿಳ್ಳೆಯಿದೆ, ಮಕ್ಕಳಿಗೆ ಕೇಳಿಸುವಂತಿಲ್ಲ, ಬೇರೊಬ್ಬರನ್ನು ಆರಿಸಿದ್ದೇವೆ. ಫೋನ್ ಹಿಡಿದು ಮೇಲೆ ಓಡಿದೆ. ನಮ್ಮ ಕೊನೆಯ ಭೇಟಿ ಅದೇ. ಆ ತಿಂಗಳೇ ಕೋಣೆ ಬಿಟ್ಟು ಅಂಬತ್ತೂರಿಗೆ ಹೋದೆ. ಈಗ ಹೋದರೂ ಅವರಿಲ್ಲ.

"ಸಿಳ್ಳೆಯೂ ಇಲ್ಲ, ಮಣ್ಣೂ ಇಲ್ಲ" ಎಂದರು ಆ ದಿನ ವಾರಿಜಕ್ಕ, ಉತ್ತರ ಓದಿ. "ಅವರಿಗೆ ಕಿವಿ ತೊಳೀಲಿಕ್ಕೆ ಹೇಳು."

"ನಂಗೆ ಅವತ್ತೇ ಕೇಳಿಸ್ತು!"

"ಕೇಳಿದ್ರೆ ಎಂತಕ್ಕೆ ಬಾಯಿ ಮುಚ್ಚಿ ಕೂತಿದ್ದಿ?"

"ಹೇಳಿದ್ರೆ ನಗ್ತಿದ್ರಲ್ಲ!"

ಅವರನ್ನು ಕೇಳದೆ ಅವರ ಕುರ್ಚಿಯಲ್ಲಿ ಕೂತೆ. ಒಂದೇ ಸ್ವರ ಹೊರಡಿಸುವ ಪ್ಲಗಿನ್ ತೆರೆದು, "ಕೇಳಿಸಿದ ತಕ್ಷಣ ಕೈ ಎತ್ತಿ" ಎಂದೆ. ಎತ್ತರದಿಂದ ಕೆಳಗಿಳಿಸುತ್ತ ಬಂದೆ. ಹದಿನಾಲ್ಕು ಸಾವಿರ ಹರ್ಟ್ಸ್‌ನಲ್ಲಿ ನನ್ನ ಹಲ್ಲು ಜುಮ್ಮೆಂದಿತು. ಅವರ ಕೈ ಮಡಿಲಲ್ಲಿತ್ತು. ಹತ್ತು ಸಾವಿರ. ಎಂಟು.

"ಶುರು ಮಾಡು ಮಾರಾಯ" ಎಂದರು.

ಶುರುವಾಗಿ ಆಗಲೇ ಅರ್ಧ ದಾರಿ ಬಂದಾಗಿತ್ತು. ಆರು ಸಾವಿರಕ್ಕಿಂತ ಕೆಳಗಿಳಿದ ಮೇಲೆ ಕೈ ಎದ್ದಿತು.

"ಎಷ್ಟು?"

ಹೇಳಿದೆ, ಒಂದಂಕಿಯೂ ಬಿಡದೆ.

"ಆಫ್ ಮಾಡಿ ಇಟ್ಟಿದ್ದಿಯಾ?"

"ನೋಡ್ಕಳಿ."

ಕನ್ನಡಕ ಹಾಕಿಕೊಂಡು, ಬಾಗಿ, ಪರದೆಯ ಮೂಲೆ ನೋಡಿದರು. ಆನ್ ಇತ್ತು. ಆಮೇಲೆ ಫೋನ್ ತೆಗೆದುಕೊಂಡರು. ಕೈಯಲ್ಲಿ ಎರಡು ಭಕ್ತಿಗೀತೆಯ ಕೆಲಸಗಳಿದ್ದವು. ಮೊದಲನೆಯದು ತಮಿಳು ಗಾಯಕನದು. "ತಂಬಿ, ನೀ ವೇರೆ ಆಳ್ ಪಾರು. ಎನಕ್ಕು ಕಾದು ಸರಿಯಾ ಕೇಕ್ಕಲೆ ಪಾ." ಎರಡನೆಯದು ಕನ್ನಡದವರದು, ಅವರಿಗೂ ಅದನ್ನೇ ಹೇಳಿದರು. "ನಾನು ಕೊಟ್ಟದ್ದನ್ನು ಬಿಡುಗಡೆ ಮಾಡ್ಬೇಡಿ, ಬೇರೆಯವರ ಹತ್ರ ಮಾಡ್ಸಿ. ಕಾರಣವಾ? ಕಿವಿ ಹೋಗಿದೆ, ಮತ್ತೆಂತ ಕಾರಣ."

ಫೋನ್ ಕೆಳಗಿಟ್ಟು ನನ್ನ ಕಡೆ ತಿರುಗಿದರು.

"ಇನ್ನೆಂತ ನೋಡ್ತಿ? ಖುಷಿ ಆಯ್ತಲ್ಲ? ನಡಿ."

ಆಗಿತ್ತು. ಮೆಟ್ಟಿಲು ಇಳಿಯುವವರೆಗೆ ಮಾತ್ರ ಆ ಖುಷಿ ಇತ್ತು.